ಕಾರು ನುಡಿದ ಕಾರ್ಣಿಕ

ನಮ್ಮ ಕಡೆ ಕಾರಿನ ಸ್ಟಾರ್ಟರ್ ಮೋಟಾರಿಗೆ ಯಾರೂ ಸ್ಟಾರ್ಟರ್ ಅನ್ನೋದಿಲ್ಲ, 'ಸೆಲ್ಫ್' ಅಂತಾರೆ. "ಸೆಲ್ಫ್ ಹೊಡಿ", "ಸೆಲ್ಫ್ ಎತ್ತವಲ್ದು", "ಸೆಲ್ಫ್ ಬಿಚ್ಚಿಸಬೇಕು"... ಚಿಕ್ಕಂದಿನಿಂದ ಕೇಳಿದ ಮಾತು. ಅದಕ್ಕೆ 'ಸೆಲ್ಫ್' ಅನ್ನೋ ಹೆಸರು ಯಾಕೆ ಬಂತು ಅಂತ ಯೋಚಿಸಿದ್ದು ಮಾತ್ರ ಅಪ್ಪನ ಹಳೇ ಪೆಟ್ರೋಲ್ ಕಾರು ಕೈಕೊಡೋಕೆ ಶುರು ಮಾಡಿದ ಮೇಲೆ.

ಪೂರ್ತಿ ಕೈಕೊಟ್ಟಿದ್ದರೆ ಚಿಂತೆ ಇರಲಿಲ್ಲ. ಅದು ಕೈಕೊಡ್ತಿದ್ದದ್ದು ಒಮ್ಮೊಮ್ಮೆ! ನಮ್ಮೂರು ಹಗರಿಬೊಮ್ಮನಹಳ್ಳಿ. ಅವ್ವನಿಗೆ ವಾರಕ್ಕೆ ಎರಡು ಸಲ ಹೊಸಪೇಟೆಯಲ್ಲಿ ಡಯಾಲಿಸಿಸ್. ಅಪ್ಪನೇ ಕರೆದುಕೊಂಡು ಹೋಗಿ ಬರೋದು. ನಾನು ಬೆಂಗಳೂರಲ್ಲಿ ಕೋಡ್ ಬರೆಯುತ್ತಾ ಕೂತಿರ್ತೀನಿ. ಡಯಾಲಿಸಿಸ್ ಮುಗಿಸಿ ಸುಸ್ತಾಗಿ ಬಂದು ಹಿಂದಿನ ಸೀಟಲ್ಲಿ ಒರಗಿದವಳಿಗೆ, ಅಪ್ಪ ಕೀಲಿ ತಿರುಗಿಸಿದಾಗ 'ಟಕ್' ಅನ್ನೋ ಒಂದು ಶಬ್ದ, ಆಮೇಲೆ ಮೌನ. ಅಂಥ ಹೊತ್ತಲ್ಲಿ 'ಒಮ್ಮೊಮ್ಮೆ' ಅನ್ನೋದು ಸಣ್ಣ ಮಾತಲ್ಲ.

ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕ ನಿಮಗೆ ಗೊತ್ತಿರಬಹುದು. ಭರತ ಹುಣ್ಣಿಮೆಯ ಆಸುಪಾಸಿನ ಜಾತ್ರೆಯಲ್ಲಿ ಗೊರವಯ್ಯ ಎತ್ತರದ ಬಿಲ್ಲನ್ನೇರಿ "ಸದ್ದಲೇ" ಅಂತ ಕೂಗಿ, ಜನಸಾಗರ ಸ್ತಬ್ಧವಾದ ಮೇಲೆ ಒಂದೇ ಒಂದು ಸಾಲು ನುಡಿತಾನೆ. ಆಮೇಲೆ ಮಳೆ ಅನ್ನುವವರು ಒಬ್ಬರು, ರಾಜಕೀಯ ಅನ್ನುವವರು ಇನ್ನೊಬ್ಬರು. ನಮ್ಮ ಕಾರಿನ 'ಟಕ್' ಕೂಡ ಹಾಗೇ ಆಯ್ತು. ಕೊಟ್ಟೂರಲ್ಲಿ ಒಬ್ಬರು ಬ್ಯಾಟರಿ ಅಂದರು, ಹೊಸದು ಹಾಕಿಸಿದ್ವಿ. ಹಡಗಲಿಯಲ್ಲಿ ಒಬ್ಬರು ಸೆಲ್ಫಿನ ಕಾರ್ಬನ್ ಸವೆದಿದೆ ಅಂದರು, ಬದಲಾಯಿಸಿದ್ವಿ. ಹರಪನಹಳ್ಳಿಯಲ್ಲಿ ಪೆಟ್ರೋಲಿನ ಕಡೆ ಬೆರಳು ತೋರಿಸಿದರು. ಯಾರದೂ ತಪ್ಪಿಲ್ಲ ಬಿಡಿ. ಅವರ ಅಂಗಡಿ ಮುಂದೆ ನಿಲ್ಲಿಸಿದಾಗೆಲ್ಲಾ ಕಾರು ಒಳ್ಳೇ ಹುಡುಗನ ಥರ ಒಂದೇ ಹೊಡೆತಕ್ಕೆ ಶುರುವಾಗ್ತಿತ್ತು!

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ.

ಮೊದಮೊದಲ ಕಾರುಗಳಿಗೆ ಸೆಲ್ಫ್ ಇರಲೇ ಇಲ್ಲ. ಮುಂದೆ ನಿಂತು ಕಬ್ಬಿಣದ ಹ್ಯಾಂಡಲ್ ತೂರಿಸಿ ಇಂಜಿನ್ ತಿರುಗಿಸಬೇಕಿತ್ತು. ಸ್ಪಾರ್ಕ್ ಒಂದು ಕ್ಷಣ ಬೇಗ ಬಂದರೆ ಪಿಸ್ಟನ್ ಹಿಂದಕ್ಕೆ ಒದೆಯುತ್ತಿತ್ತು, ಹ್ಯಾಂಡಲ್ ಉಲ್ಟಾ ತಿರುಗಿ ಮಣಿಕಟ್ಟು ಮುರಿಯುತ್ತಿತ್ತು. ಅದಕ್ಕೇ ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟು ಹಿಡಿಯಬೇಕು ಅನ್ನೋ ನಿಯಮ ಇತ್ತು. ಅಮೆರಿಕದ ಕ್ಯಾಡಿಲಾಕ್ ಕಂಪನಿಯ ಹೆನ್ರಿ ಲೀಲಂಡ್ ಇದಕ್ಕೆ ಪರಿಹಾರ ಬೇಕು ಅಂತ ಹೊರಟಾಗ ಸಿಕ್ಕಿದವನು ಚಾರ್ಲ್ಸ್ ಕೆಟರಿಂಗ್ ಅನ್ನೋ ಇಂಜಿನಿಯರ್.

ಕೆಟರಿಂಗ್ ಮೊದಲು ಅಂಗಡಿಗಳ ಕ್ಯಾಷ್ ರಿಜಿಸ್ಟರಿಗೆ ವಿದ್ಯುತ್ ಮೋಟಾರ್ ಜೋಡಿಸಿದ್ದವನು. ಗಲ್ಲಾಪೆಟ್ಟಿಗೆಯ ಮೋಟಾರು ಇಡೀ ದಿನ ಓಡಬೇಕಿಲ್ಲ, ಕ್ಷಣಮಾತ್ರ ಜೋರಾಗಿ ದುಡಿದರೆ ಸಾಕು. ಕಾರು ಶುರು ಮಾಡೋಕೂ ಅಷ್ಟೇ ಸಾಕಲ್ಲ! ಮ್ಯಾರಥಾನ್ ಓಟಗಾರ ಬೇಡ, ನೂರು ಮೀಟರ್ ಓಟಗಾರ ಸಾಕು. ೧೯೧೨ರ ಕ್ಯಾಡಿಲಾಕ್ ಕಾರುಗಳು ಅವನ ಸೆಲ್ಫ್ ಸ್ಟಾರ್ಟರ್ ಹೊತ್ತು ಬಂದವು. ಕಾರು ತನ್ನನ್ನು 'ತಾನೇ' ಶುರು ಮಾಡಿಕೊಳ್ಳೋದು ಆಗಿನವರಿಗೆ ಅಚ್ಚರಿ. ಆ ಹೆಸರಿನ ಅರ್ಧ ತುಂಡು ನಮ್ಮೂರಿನ ಗ್ಯಾರೇಜುಗಳಲ್ಲಿ ಇವತ್ತಿಗೂ ಬದುಕಿದೆ.

ನಮ್ಮ ಹಡಗಲಿ, ಕೂಡ್ಲಿಗಿ, ಹರಪನಹಳ್ಳಿ ತಾಲ್ಲೂಕುಗಳು ೧೯೫೩ರ ಅಕ್ಟೋಬರ್ ೧ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದ್ರಾಸಿನವು. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ದೇಶದ ಎಷ್ಟೋ ಕಡೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡಿದವು. ಕೆಂಡ ಕೆಂಪಾಗುವ ತನಕ ಗಾಳಿ ಹಾಕಬೇಕು, ಆಮೇಲೆ ಬಸ್ಸು. ಗಾಡಿ ಶುರುವಾಗೋದಕ್ಕೆ ಕಾಯೋದು ಆಗಿನವರಿಗೆ ಪ್ರಯಾಣದ ಭಾಗವೇ ಆಗಿತ್ತು.

೧೯೫೦ರ ದಶಕದ ಕೊನೆಯಲ್ಲಿ ಅಂಬಾಸಿಡರ್ ಬಂತು. ೧೯೬೧ರಲ್ಲಿ ಮದ್ರಾಸಿನಲ್ಲಿ ಲ್ಯೂಕಾಸ್ ಟಿವಿಎಸ್ ಹುಟ್ಟಿ, ಸೆಲ್ಫ್ ಮೋಟಾರುಗಳು ನಮ್ಮಲ್ಲೇ ತಯಾರಾಗತೊಡಗಿದವು. ಆದರೂ ಅಂಬಾಸಿಡರಿನ ಡಿಕ್ಕಿಯಲ್ಲಿ ಹ್ಯಾಂಡಲ್ ಉಳಿದಿತ್ತು. ಸೆಲ್ಫ್ ಎತ್ತದಿದ್ದರೆ ಡ್ರೈವರ್ ಇಳಿದು ಮುಂದೆ ಹೋಗಿ ಹ್ಯಾಂಡಲ್ ಹೊಡೆಯೋನು.

ಆ ಹ್ಯಾಂಡಲ್ ಬರೀ ಆಪತ್ಕಾಲದ ಉಪಾಯ ಅಂದುಕೊಂಡಿದ್ದೆ. ಅಲ್ಲ, ಅದು ರೋಗ ಹುಡುಕೋ ಸಾಧನ ಕೂಡ. ಹ್ಯಾಂಡಲ್ ಹೊಡೆದ ತಕ್ಷಣ ಇಂಜಿನ್ ಹತ್ತಿಕೊಂಡರೆ ಪೆಟ್ರೋಲ್, ಸ್ಪಾರ್ಕ್ ಎರಡೂ ಸರಿ ಇವೆ ಅಂತ ಅರ್ಥ. ತಪ್ಪು ಇರೋದು ಬ್ಯಾಟರಿ, ಸೆಲ್ಫ್, ಅವುಗಳ ನಡುವಿನ ವೈರುಗಳಲ್ಲಿ. ಎಷ್ಟು ಹೊಡೆದರೂ ಹತ್ತದಿದ್ದರೆ ಪೆಟ್ರೋಲನ್ನೋ ಸ್ಪಾರ್ಕನ್ನೋ ಹುಡುಕಬೇಕು. ಒಂದೇ ಹೊಡೆತಕ್ಕೆ ಸಮಸ್ಯೆ ಅರ್ಧವಾಯ್ತು! ನಾವು ಸಾಫ್ಟ್‌ವೇರಿನವರು ಇದಕ್ಕೆ ಬೈನರಿ ಸರ್ಚ್ ಅಂತ ದೊಡ್ಡ ಹೆಸರು ಕೊಟ್ಟಿದ್ದೀವಿ, ಅಷ್ಟೇ.

೧೯೮೩ರ ಡಿಸೆಂಬರಿನಲ್ಲಿ ಮಾರುತಿ ೮೦೦ ಬಂತು. ಅಂಥ ಸಣ್ಣ ಕಾರುಗಳಲ್ಲಿ ಇಂಜಿನ್ ಅಡ್ಡಡ್ಡ ಕೂತಿರುತ್ತೆ, ಮುಂದಿನ ಚಕ್ರಗಳನ್ನು ತಿರುಗಿಸುತ್ತೆ. ಮುಂದಿನಿಂದ ಹ್ಯಾಂಡಲ್ ತೂರಿಸೋ ಮಾತೇ ಇಲ್ಲ. ಯಾರಿಗೂ ಅದು ಬೇಕೂ ಆಗಿರಲಿಲ್ಲ. ಆದರೆ ಹ್ಯಾಂಡಲ್ ಜೊತೆ ಸಮಸ್ಯೆಯನ್ನು ಅರ್ಧ ಮಾಡೋ ಅಭ್ಯಾಸವೂ ಹೋಯ್ತು ಅಂತ ನನಗನ್ನಿಸುತ್ತೆ. ನಾವು ಮೂರು ಊರು ಸುತ್ತಿ ಮಾಡಿದ್ದೂ ಅದನ್ನೇ, ಅರ್ಧ ಮಾಡೋ ಬದಲು ಒಂದೊಂದೇ ಸಾಮಾನು ಬದಲಾಯಿಸಿದ್ದು.

ಕೊನೆಗೆ ಅಪ್ಪನಿಗೆ ಫೋನಲ್ಲಿ ಹೇಳಿದೆ, "ಒಂದು ನೋಟ್‌ಬುಕ್ ಇಡು. ಕೈಕೊಟ್ಟಾಗೆಲ್ಲಾ ಬರಿ." ಎಷ್ಟು ಹೊತ್ತು ಓಡಿಸಿದ್ದೆ, ನಿಲ್ಲಿಸಿ ಎಷ್ಟು ಹೊತ್ತಾಗಿತ್ತು, ಬಿಸಿಲಿತ್ತಾ, ಶಬ್ದ ಹೇಗಿತ್ತು, ತಳ್ಳಿದರೆ ಶುರುವಾಯ್ತಾ? ಅಪ್ಪ ರಿಟೈರ್ಡ್ ಮೇಷ್ಟ್ರು, ಗೆರೆ ಎಳೆದು ಬರೆದರು. ಎರಡು ತಿಂಗಳಾದ ಮೇಲೆ ನೋಡಿದರೆ, ಬೆಳಗ್ಗೆ ತಣ್ಣಗಿದ್ದಾಗ ಒಮ್ಮೆಯೂ ಕೈಕೊಟ್ಟಿಲ್ಲ. ಕೈಕೊಟ್ಟದ್ದೆಲ್ಲಾ ದೂರ ಓಡಿಸಿ ನಿಲ್ಲಿಸಿದ ಸ್ವಲ್ಪ ಹೊತ್ತಿನಲ್ಲೇ. ಪ್ರತಿ ಸಲವೂ ಒಂದೇ 'ಟಕ್'. ತಳ್ಳಿದ ಕೂಡಲೇ ಶುರು.

ತಳ್ಳೋದು ಅಂದರೆ ಹೊಸ ಕಾಲದ ಹ್ಯಾಂಡಲ್. ಪೆಟ್ರೋಲ್, ಸ್ಪಾರ್ಕ್ ಎರಡಕ್ಕೂ ಖುಲಾಸೆ ಸಿಕ್ಕಿತು.

ನೋಟ್‌ಬುಕ್ ಹಿಡಿದು ಕೂಡ್ಲಿಗಿಯಲ್ಲಿ ಹಳೇ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದೆವು. ಹಿಂದೆ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು. ಓದಿ ನಕ್ಕರು. "ತಣ್ಣಗಿರೋ ಗಾಡಿ ತಂದು ಜ್ವರ ನೋಡು ಅಂದ್ರ ಹೆಂಗ ತಮ್ಮಾ? ಹೊಡಕಂಡು ಬಾ, ಕಾಯ್ಲಿ." ಹೈವೇಯಲ್ಲಿ ಚಿತ್ರದುರ್ಗದ ಕಡೆಗೆ ಒಂದು ಗಂಟೆ ಓಡಿಸಿಕೊಂಡು ಬಂದೆವು. ಬಿಸಿಲಲ್ಲಿ ನಿಲ್ಲಿಸಿ ಚಾ ಕುಡಿದು ಕೀಲಿ ತಿರುಗಿಸಿದರೆ... ಟಕ್! ಕಾರು ಕೆಟ್ಟಿದ್ದಕ್ಕೆ ನಾನು ಖುಷಿಪಟ್ಟಿದ್ದು ಅದೇ ಮೊದಲು.

ಅವರು ಮಲ್ಟಿಮೀಟರ್ ತಗೊಂಡು ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ, ಕೆಂಪು ಕಡ್ಡಿಯನ್ನು ಇಂಜಿನ್ನಿನ ಮೈಗೆ ಹಿಡಿದು "ಈಗ ಹೊಡಿ" ಅಂದರು. ಅಲ್ಲಿ ಅರ್ಧ ವೋಲ್ಟಿಗಿಂತ ಕಡಿಮೆ ಬರಬೇಕು. ಬಂದದ್ದು ಮೂರರ ಮೇಲೆ. ಇಂಜಿನ್ನಿಗೆ ಹೋಗೋ ಅರ್ತ್ ವೈರು ಹೊರಗೆ ಚೆನ್ನಾಗಿಯೇ ಕಾಣ್ತಿತ್ತು. ಬೋಲ್ಟ್ ಬಿಚ್ಚಿದರೆ ಒಳಗಿನ ಎಳೆಗಳೆಲ್ಲಾ ಹಸಿರು ಕಿಲುಬು!

ಲೆಕ್ಕ ಸುಲಭ. ಸೆಲ್ಫ್ ಸುಮಾರು ೧೫೦ ಆಂಪಿಯರ್ ಎಳೆಯುತ್ತೆ. ದಾರಿಯಲ್ಲಿ ೦.೦೨ ಓಮ್‌ನಷ್ಟು ತಡೆ ಇದ್ದರೂ ೩ ವೋಲ್ಟ್ ಅಲ್ಲೇ ಸೋರಿಹೋಗುತ್ತೆ. ತಣ್ಣಗಿದ್ದಾಗ ಉಳಿದದ್ದರಲ್ಲಿ ಹೇಗೋ ಇಂಜಿನ್ ತಿರುಗುತ್ತೆ. ಆದರೆ ತಾಮ್ರ ಒಂದು ಡಿಗ್ರಿ ಕಾದರೆ ಅದರ ತಡೆ ಶೇ. ೦.೪ರಷ್ಟು ಏರುತ್ತೆ. ೫೦ ಡಿಗ್ರಿ ಕಾದರೆ ಶೇ. ೨೦. ಬಿಸಿ ಇಂಜಿನ್ನಿನ ಪಕ್ಕದಲ್ಲೇ ಕೂತ ಸೆಲ್ಫಿಗೆ ಆಗ ಇದ್ದ ಅಲ್ಪಸ್ವಲ್ಪ ಶಕ್ತಿಯೂ ಸಾಲೋದಿಲ್ಲ. ನಮ್ಮ ಬಳ್ಳಾರಿ ಕಡೆಯ ಬಿಸಿಲು (೨೦೨೧ರಿಂದ ನಾವು ವಿಜಯನಗರ ಜಿಲ್ಲೆ, ಬಿಸಿಲು ಮಾತ್ರ ಅದೇ!) ಉಳಿದ ಕೆಲಸ ಮುಗಿಸುತ್ತೆ.

ಹೊಸ ವೈರಿನ ಬೆಲೆ ನಮ್ಮ ಮೂರು ಜನರ ಊಟಕ್ಕಿಂತ ಕಡಿಮೆ. ಆಮೇಲೆ ಕಾರು ಕೈಕೊಟ್ಟಿಲ್ಲ.

ಮೊನ್ನೆ ಊರಿಗೆ ಹೋದಾಗ ಅವ್ವನ ಜೊತೆ ಹೊಸಪೇಟೆಗೆ ನಾನೂ ಹೋಗಿದ್ದೆ. ವಾಪಸ್ ಬರೋವಾಗ ಅಪ್ಪ ಕೀಲಿ ತಿರುಗಿಸಿದರು, ಕಾರು ಒಂದೇ ಸಲಕ್ಕೆ ಶುರುವಾಯ್ತು. ಹಿಂದಿನ ಸೀಟಿನಲ್ಲಿ ಅವ್ವ ಕಣ್ಣು ತೆರೆಯಲೂ ಇಲ್ಲ. ಅಪ್ಪ ಮಾತ್ರ ಇವತ್ತಿಗೂ ಇಳಿಜಾರು ನೋಡಿಯೇ ಕಾರು ನಿಲ್ಲಿಸ್ತಾರೆ. ನೋಟ್‌ಬುಕ್ಕೂ ಡ್ಯಾಶ್‌ಬೋರ್ಡಿನ ಒಳಗೇ ಇದೆ.