ಹಾಲುಣಿಸುವ ತಾಯಿಯ ಅರ್ಧ ಗಂಟೆ

ಸಮುವೇಲನ ಮೊದಲನೆಯ ಗ್ರಂಥದ ಆರಂಭದಲ್ಲಿ ಒಂದು ಸಣ್ಣ ಪ್ರಸಂಗವಿದೆ. ಎಲ್ಕಾನನು ವಾರ್ಷಿಕ ಬಲಿಯರ್ಪಣೆಗಾಗಿ ಮನೆಯವರೊಡನೆ ಶಿಲೋವಿಗೆ ಹೊರಡುತ್ತಾನೆ. ಹನ್ನಳು ಮಾತ್ರ, ಕೂಸು ಮೊಲೆ ಬಿಡುವವರೆಗೆ ತಾನು ಬರುವುದಿಲ್ಲವೆನ್ನುತ್ತಾಳೆ. ಪತಿ ಮರುಮಾತಿಲ್ಲದೆ ಒಪ್ಪುತ್ತಾನೆ. ದೇವಾಲಯದ ಯಾತ್ರೆಯೂ ಅಂದು ಹಸುಳೆಯ ಹಾಲಿಗಾಗಿ ಕಾದಿತು.

ಯಂತ್ರಯುಗದ ಗಿರಣಿಗಳು ಹಾಗೆ ಕಾಯಲಿಲ್ಲ. ಹೆತ್ತ ಕೆಲವೇ ವಾರಗಳಲ್ಲಿ ಬಡ ತಾಯಂದಿರು ಕೆಲಸಕ್ಕೆ ಮರಳಬೇಕಾಗುತ್ತಿತ್ತು. ಮುಂಬಯಿಯ ಗಿರಣಿ ಕಾರ್ಮಿಕರ ಮನೆಗಳಲ್ಲಿ ಅಳುವ ಕೂಸುಗಳಿಗೆ ಅಫೀಮು ಕೊಟ್ಟು ಮಲಗಿಸುತ್ತಿದ್ದ ಸಂಗತಿ 1920ರ ದಶಕದ ವರದಿಗಳಲ್ಲಿ ದಾಖಲಾಗಿದೆ.

ಈ ಸಂಕಟಕ್ಕೆ ಅಂತಾರಾಷ್ಟ್ರೀಯ ಮಟ್ಟದಲ್ಲಿ ಮೊದಲ ಉತ್ತರ ದೊರೆತದ್ದು 1919ರಲ್ಲಿ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು ವಾಷಿಂಗ್ಟನ್ನಿನಲ್ಲಿ ನಡೆಸಿದ ಪ್ರಥಮ ಸಮ್ಮೇಳನವು, ಹಾಲುಣಿಸುವ ತಾಯಿಗೆ ಕೆಲಸದ ವೇಳೆಯಲ್ಲೇ ದಿನಕ್ಕೆ ಎರಡು ಸಲ ಅರ್ಧ ಗಂಟೆ ಬಿಡುವು ಕೊಡಬೇಕೆಂದು ವಿಧಿಸಿತು. ನಮ್ಮ ದೇಶದಲ್ಲಿ 1948ರ ಕಾರ್ಖಾನೆ ಕಾಯ್ದೆಯು ಐವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದಿತು. 1976ರಲ್ಲಿ ಆ ಮಿತಿ ಮೂವತ್ತಕ್ಕೆ ಇಳಿಯಿತು. 1961ರ ಹೆರಿಗೆ ಸೌಲಭ್ಯ ಕಾಯ್ದೆಯು, ಮಗುವಿಗೆ ಹದಿನೈದು ತಿಂಗಳಾಗುವವರೆಗೆ ದಿನಕ್ಕೆ ಎರಡು ಹೆಚ್ಚುವರಿ ಬಿಡುವುಗಳನ್ನು ನೀಡಿತು. 2017ರ ತಿದ್ದುಪಡಿಯು ಹೆರಿಗೆ ರಜೆಯನ್ನು 26 ವಾರಗಳಿಗೆ ಏರಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಈ ಬಿಡುವುಗಳನ್ನು ಉಳಿಸಿಕೊಂಡಿದೆ.

ಆದರೆ ಈ ಬಿಡುವುಗಳೆಲ್ಲ ಕೂಸು ತಾಯಿಯ ಹತ್ತಿರದಲ್ಲೇ ಇದೆಯೆಂಬ ಭಾವನೆಯಿಂದ ಹುಟ್ಟಿದವು. ಇಂದು ಎಷ್ಟೋ ತಾಯಂದಿರು ಮಗುವನ್ನು ಅಜ್ಜಿಯ ಮಡಿಲಲ್ಲಿ ಬಿಟ್ಟು, ಬಸ್ಸು ಹಿಡಿದು ದೂರದ ಕೆಲಸಕ್ಕೆ ಹೋಗುತ್ತಾರೆ. ಆಕೆಗೆ ಬೇಕಾದುದು ಹಾಲನ್ನು ಕೈಯಿಂದಲೋ ಪಂಪಿನಿಂದಲೋ ತೆಗೆದಿಡುವ ಅವಕಾಶ. ಗಂಟೆಗಟ್ಟಲೆ ಹಾಲು ತೆಗೆಯದಿದ್ದರೆ ಎದೆ ಗಟ್ಟಿಯಾಗಿ ನೋಯುತ್ತದೆ, ಜ್ವರವೂ ಬರಬಹುದು. ದಿನಗಳು ಕಳೆದಂತೆ ಹಾಲೇ ಕಡಿಮೆಯಾಗುತ್ತದೆ. ಅಮೆರಿಕೆಯು 2010ರಲ್ಲಿ ಇದನ್ನು ಗುರುತಿಸಿ, ಹಾಲು ತೆಗೆಯಲು ಸಮಯವನ್ನೂ ಶೌಚಾಲಯವಲ್ಲದ ಮರೆಯಾದ ಸ್ಥಳವನ್ನೂ ಕೊಡಬೇಕೆಂದು ಕಾನೂನು ಮಾಡಿತು. 2022ರಲ್ಲಿ ಅದನ್ನು ಇನ್ನಷ್ಟು ಮಹಿಳೆಯರಿಗೆ ವಿಸ್ತರಿಸಿತು.

ನಾವೂ ಉದ್ಯೋಗದಾತರೇ. ನಮ್ಮ ಶಾಲೆ, ಆಸ್ಪತ್ರೆ, ಕಚೇರಿಗಳಲ್ಲಿ ಎಳೆಗೂಸಿನ ತಾಯಂದಿರು ದುಡಿಯುತ್ತಿದ್ದಾರೆ. ಚಿಲಕವಿರುವ ಒಂದು ಕೋಣೆ, ಒಂದು ಕುರ್ಚಿ, ಕೈತೊಳೆಯಲು ನೀರು, ಹಾಲನ್ನು ತಂಪಾಗಿಡಲು ಸ್ಥಳ: ಇಷ್ಟನ್ನು ಒದಗಿಸುವುದು ದೊಡ್ಡ ಖರ್ಚಿನ ಮಾತಲ್ಲ. 2017ರ ಜನವರಿಯಲ್ಲಿ ಸಿಸ್ಟೀನ್ ಪ್ರಾರ್ಥನಾಲಯದ ಸ್ನಾನದೀಕ್ಷೆಯ ಸಂದರ್ಭದಲ್ಲಿ, ಕೂಸು ಹಸಿದು ಅತ್ತರೆ ಸಂಕೋಚಪಡದೆ ಅಲ್ಲೇ ಹಾಲುಣಿಸುವಂತೆ ಪೋಪ್ ಫ್ರಾನ್ಸಿಸ್ ತಾಯಂದಿರಿಗೆ ಹೇಳಿದರು. ಪೂಜಾವಿಧಿಯ ನಡುವೆಯೂ ಸಲ್ಲುವ ಈ ಕಾರ್ಯಕ್ಕೆ ನಮ್ಮ ಕೆಲಸದ ವೇಳಾಪಟ್ಟಿಯಲ್ಲಿ ಅರ್ಧ ಗಂಟೆ ಸಿಗದೆ ಹೋಗಬಾರದು. ಆಕೆಯಾಗಿ ಬಂದು ಕೇಳುವ ಮೊದಲೇ ನಾವು ಆ ಕೋಣೆಯನ್ನು ತೋರಿಸೋಣ.