ಗ್ರೂಪಿನ ಬೀಗ ಗಟ್ಟಿ, ಕೀಲಿಕೈ ಯಾರ ಯಾರ ಬಳಿ?

ವಾಟ್ಸಾಪ್ ಗ್ರೂಪಿಗೆ ಹಾಕಿದ ಸಂದೇಶವನ್ನು ನಡುದಾರಿಯಲ್ಲಿ ಯಾರೂ ಓದಲಾರರು ಎಂದು ಆ ಸಂಸ್ಥೆ ಹೇಳುತ್ತದೆ. 2016ರ ಏಪ್ರಿಲ್‌ನಲ್ಲಿ ಗ್ರೂಪುಗಳಿಗೂ ಈ ರಕ್ಷಣೆ ಬಂತು. ಕಳಿಸುವವರ ಫೋನಿನಲ್ಲೇ ಸಂದೇಶಕ್ಕೆ ಬೀಗ ಬೀಳುತ್ತದೆ, ಪಡೆಯುವವರ ಫೋನಿನಲ್ಲಿ ಮಾತ್ರ ತೆರೆಯುತ್ತದೆ. ಇದೇ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್. ಇದನ್ನು ಪರೀಕ್ಷಿಸಿದ ಸಂಶೋಧಕರಿಗೆ ಬೀಗಕ್ಕಿಂತ ಹೆಚ್ಚು ಅನುಮಾನ ಬಂದದ್ದು ಕೀಲಿಕೈ ಹಂಚುವ ರೀತಿಯ ಮೇಲೆ.

ಗ್ರೂಪಿನ ಪ್ರತಿ ಸದಸ್ಯರ ಫೋನು ತನ್ನದೇ ಒಂದು ಕೀಲಿ ತಯಾರಿಸಿ, ಉಳಿದ ಎಲ್ಲರಿಗೂ ಒಬ್ಬೊಬ್ಬರಿಗೆ ಪ್ರತ್ಯೇಕವಾಗಿ, ಗುಪ್ತವಾಗಿ ಕಳಿಸುತ್ತದೆ. ಆಮೇಲೆ ಬರೆದ ಸಂದೇಶಕ್ಕೆ ಒಂದೇ ಸಲ ಬೀಗ ಹಾಕಿದರೆ ಸಾಕು, ಸರ್ವರ್ ಅದನ್ನು ಎಲ್ಲರಿಗೂ ಹಂಚುತ್ತದೆ. ಯಾರಾದರೂ ಗ್ರೂಪು ಬಿಟ್ಟರೆ ಹಳೆಯ ಕೀಲಿಗಳು ರದ್ದಾಗಿ ಹೊಸವು ಹುಟ್ಟುತ್ತವೆ. ಹೊಸಬರು ಸೇರಿದರೆ ಅವರಿಗೂ ಕೀಲಿ ತಾನಾಗಿ ಹೋಗುತ್ತದೆ. ತೊಡಕು ಇರುವುದು ಇಲ್ಲೇ. ಹೊಸಬರನ್ನು ಸೇರಿಸಿದ್ದು ನಿಜವಾಗಿ ಅಡ್ಮಿನ್ನೇ ಎಂದು ಫೋನಿಗೆ ಗೊತ್ತಾಗುವುದು ಹೇಗೆ?

2018ರಲ್ಲಿ ಜರ್ಮನಿಯ ಬೋಖುಮ್ ನಗರದ ರೂರ್ ವಿಶ್ವವಿದ್ಯಾಲಯದ ಪಾಲ್ ರೋಸ್ಲರ್ ಮತ್ತು ಸಂಗಡಿಗರು ಇದಕ್ಕೆ ಉತ್ತರ ಕೊಟ್ಟರು. ಸೇರಿಸುವ ಆದೇಶಕ್ಕೆ ಅಡ್ಮಿನ್ನಿನ ಗುಪ್ತ ಸಹಿ ಇರಲಿಲ್ಲ. ಹಾಗಾಗಿ ವಾಟ್ಸಾಪ್ ಸರ್ವರ್ ಯಾರ ಹಿಡಿತದಲ್ಲಿದೆಯೋ ಅವರು ಅಪರಿಚಿತರನ್ನು ಒಳಗೆ ಬಿಡಲು ಸಾಧ್ಯವಿತ್ತು. ಹಿಂದಿನ ಸಂದೇಶ ಅವರಿಗೆ ಸಿಗದು, ಮುಂದಿನದು ಸಿಗುತ್ತದೆ. ಹೊಸಬರು ಬಂದರೆ ಎಲ್ಲರಿಗೂ ಸೂಚನೆ ಕಾಣುತ್ತದಲ್ಲ ಎಂಬುದು ಸಂಸ್ಥೆಯ ಸಮಾಧಾನ. ದಿನಕ್ಕೆ ನೂರು ಶುಭೋದಯ ಬರುವ ಗ್ರೂಪಿನಲ್ಲಿ ಆ ಒಂದು ಸಾಲನ್ನು ನೋಡುವವರು ಯಾರು? 2025ರಲ್ಲಿ ಆಲ್ಬ್ರೆಕ್ಟ್, ಡೌಲಿಂಗ್, ಜೋನ್ಸ್ ಎಂಬ ಸಂಶೋಧಕರು ವಾಟ್ಸಾಪ್‌ನ ವ್ಯವಸ್ಥೆಯನ್ನು ಬಿಡಿಸಿ, ಗಣಿತದ ಒರೆಗೆ ಹಚ್ಚಿದಾಗಲೂ ಸದಸ್ಯರ ಪಟ್ಟಿ ಸರ್ವರ್‌ನ ಮಾತಿನ ಮೇಲೆಯೇ ನಿಂತಿತ್ತು.

ಸರ್ವರ್ ಮೋಸ ಮಾಡಬೇಕೆಂದೇನೂ ಇಲ್ಲ, ಕೈತಪ್ಪೂ ಸಾಕು. 2025ರ ಮಾರ್ಚ್‌ನಲ್ಲಿ ಅಮೆರಿಕದ ಉನ್ನತ ಅಧಿಕಾರಿಗಳು ಯೆಮನ್ ಮೇಲಿನ ದಾಳಿಯನ್ನು ಸಿಗ್ನಲ್ ಗ್ರೂಪಿನಲ್ಲಿ ಚರ್ಚಿಸಿದರು. ಆ ಗ್ರೂಪಿಗೆ ತಪ್ಪಾಗಿ ಸೇರಿಹೋಗಿದ್ದ ಪತ್ರಿಕೆಯೊಂದರ ಸಂಪಾದಕ ಜೆಫ್ರಿ ಗೋಲ್ಡ್‌ಬರ್ಗ್ ಎಲ್ಲವನ್ನೂ ಓದುತ್ತಿದ್ದರು. ಸಿಗ್ನಲ್‌ನ ಬೀಗ ಮುರಿದಿರಲಿಲ್ಲ.

ಬಳಕೆದಾರರೇ ಮಾಡಬಹುದಾದ ಪರೀಕ್ಷೆಯೂ ಇದೆ. ವಾಟ್ಸಾಪ್‌ನಲ್ಲಿ ಒಬ್ಬರ ಹೆಸರು ಒತ್ತಿ ‘ಎನ್‌ಕ್ರಿಪ್ಷನ್’ ತೆರೆದರೆ 60 ಅಂಕಿಗಳ ಸಾಲು ಕಾಣುತ್ತದೆ. ಇಬ್ಬರ ಫೋನಿನಲ್ಲೂ ಅದು ಒಂದೇ ಆಗಿದ್ದರೆ ನಡುವೆ ಮೂರನೆಯವರಿಲ್ಲ. ಎದುರೆದುರು ಕೂತು ನೋಡುವುದು ಉತ್ತಮ. ಆದರೆ ಇದು ಇಬ್ಬರ ನಡುವಿನ ಲೆಕ್ಕ. 1024 ಮಂದಿ ಹಿಡಿಯುವ ಗ್ರೂಪಿನಲ್ಲಿ ಎಲ್ಲರೊಡನೆ ಅಂಕಿ ಕೂಡಿಸಿ ನೋಡುವುದು ಆಗದ ಮಾತು. ಸಂಘದ ಹಣಕಾಸು, ಜಮೀನಿನ ಕಾಗದ ಓಡಾಡುವ ಗ್ರೂಪಾದರೆ ಚಿಕ್ಕದಾಗಿಟ್ಟು, ಸದಸ್ಯರ ಪಟ್ಟಿಯನ್ನು ಆಗಾಗ ಓದಿ, ಗುರುತಿಲ್ಲದ ನಂಬರಿನವರಿಗೆ ಫೋನ್ ಮಾಡಿ ಕೇಳುವುದೇ ಸದ್ಯದ ದಾರಿ.

2023ರ ಜುಲೈನಲ್ಲಿ ಎಂಎಲ್‌ಎಸ್ ಎಂಬ ಅಂತರರಾಷ್ಟ್ರೀಯ ಮಾನದಂಡ ಪ್ರಕಟವಾಯಿತು. ಇದರಲ್ಲಿ ಸದಸ್ಯರ ಪಟ್ಟಿಯೂ ಕೀಲಿಯ ಲೆಕ್ಕದೊಳಗೇ ಸೇರಿರುತ್ತದೆ. ಪಟ್ಟಿ ಬೇರೆಯಾದರೆ ಕೀಲಿಯೂ ಕೂಡಿಬರದು.

ಇನ್ನು ಬ್ಯಾಕಪ್. ವಾಟ್ಸಾಪ್‌ನಲ್ಲಿ ಬ್ಯಾಕಪ್‌ಗೂ ಬೀಗ ಹಾಕುವ ಸೌಲಭ್ಯ 2021ರಲ್ಲಿ ಬಂತು, ಆದರೆ ಅದನ್ನು ಸೆಟ್ಟಿಂಗ್ಸ್‌ನಲ್ಲಿ ತಾವೇ ಆನ್ ಮಾಡಿಕೊಳ್ಳಬೇಕು. ಗ್ರೂಪಿನ ಒಬ್ಬರು ಅದನ್ನು ಮಾಡಿರದಿದ್ದರೂ ಎಲ್ಲರ ಸಂದೇಶಗಳ ಪ್ರತಿ ಅವರ ಖಾತೆಯಲ್ಲಿ ಈ ಬೀಗವಿಲ್ಲದೆ ಉಳಿಯುತ್ತದೆ.