ಮಾತೃವಿಯೋಗ ಮತ್ತು ಕಿಶೋರಿಯ ಆತ್ಮಗೌರವ

ಕಿಶೋರಾವಸ್ಥೆಯಲ್ಲಿ ತಾಯಿಯನ್ನು ಕಳೆದುಕೊಂಡ ಹೆಣ್ಣುಮಗಳಲ್ಲಿ ದುಃಖದೊಡನೆಯೇ ತಲೆದೋರಬಹುದಾದ ಆತ್ಮಗೌರವದ ಕುಂದು. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ವರ್ಡನ್ನರು 1996ರಲ್ಲಿ ಪ್ರಕಟಿಸಿದ ಅಧ್ಯಯನವು, ಮಕ್ಕಳಿಗೆ ತಂದೆಯ ಮರಣಕ್ಕಿಂತ ತಾಯಿಯ ಮರಣವೇ ಸಾಮಾನ್ಯವಾಗಿ ಹೆಚ್ಚು ಆಘಾತಕರವೆಂದು ತೋರಿಸಿತು. ‘ತಾಯಿಯಿಲ್ಲದ ತಬ್ಬಲಿ’ ಎಂಬ ನೆಂಟರಿಷ್ಟರ ಅನುಕಂಪವೂ, ವಿಚಾರಿಸಿದರೆ, ಆತ್ಮಗೌರವದ ಈ ಕುಂದನ್ನು ಬೆಳೆಸತಕ್ಕದ್ದೇ.

ಆಂಗ್ಲ ಕಾದಂಬರಿಕಾರ್ತಿ ವರ್ಜೀನಿಯಾ ವುಲ್ಫರು ಪ್ರಸಿದ್ಧ ನಿದರ್ಶನ: 1895ರ ಮೇ ತಿಂಗಳಲ್ಲಿ ತಾಯಿ ಜೂಲಿಯಾ ಸ್ಟೀಫನ್ ತೀರಿಕೊಂಡಾಗ 13 ವರ್ಷದವಳಾಗಿದ್ದ ಆ ಬಾಲೆ, ತನಗೆ ಯಾವ ದುಃಖವೂ ಆಗುತ್ತಿಲ್ಲವಲ್ಲಾ ಎಂದು ಶವಶಯ್ಯೆಯ ಬಳಿಯೇ ತನ್ನನ್ನು ಶಂಕಿಸಿಕೊಂಡು, ಅನಂತರ ಯಾರಾದರೂ ಮಾತನಾಡಿಸಿದರೆ ಮುಖ ಕೆಂಪೇರುವಷ್ಟು, ಬೀದಿಯಲ್ಲಿ ಅಪರಿಚಿತರನ್ನು ಎದುರಿಸಲಾರದಷ್ಟು ಕುಗ್ಗಿಹೋದಳು. ತಾಯಿಯ ಸ್ವರವು ಕಿವಿಯಲ್ಲಿ ಅಡಗಿದುದು, 1927ರಲ್ಲಿ ಪ್ರಕಟವಾದ ‘ಟು ದಿ ಲೈಟ್‌ಹೌಸ್’ ಕಾದಂಬರಿಯನ್ನು ಬರೆದು ಮುಗಿಸಿದ ಮೇಲೆಯೇ ಎಂದು ಅವರು ಸ್ಮರಿಸಿದ್ದಾರೆ.